ಫೋನಿನ ಬೆಲೆಗಿಂತ ಮೊದಲು ಅದರ ಆಯಸ್ಸು ಕೇಳಿ

2025ರ ಕೊನೆಯಿಂದ ಮೊಬೈಲ್ ಅಂಗಡಿಗೆ ಹೋದವರಿಗೆ ಒಂದು ವಿಷಯ ಗಮನಕ್ಕೆ ಬಂದಿರುತ್ತದೆ. ಮೊದಲಿನ ದುಡ್ಡಿಗೆ ಮೊದಲಿನಂಥ ಫೋನ್ ಸಿಗುತ್ತಿಲ್ಲ. ಇದರಲ್ಲಿ ಅಂಗಡಿಯವರ ಕೈವಾಡ ಏನೂ ಇಲ್ಲ. ಎಐ ಕೆಲಸಕ್ಕಾಗಿ ಜಗತ್ತಿನ ಎಲ್ಲ ಕಡೆ ಡೇಟಾ ಸೆಂಟರ್‌ಗಳು ಏಳುತ್ತಿವೆ. ಅವಕ್ಕೆ ಮೆಮೊರಿ ಚಿಪ್ ರಾಶಿ ರಾಶಿ ಬೇಕು. ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಲಾಭ ಜಾಸ್ತಿ ಇರುವ ಕಡೆಗೆ ಅವು ವಾಲಿವೆ. ಹಾಗಾಗಿ ಫೋನಿಗೆ ಹಾಕುವ ಚಿಪ್ ತುಟ್ಟಿಯಾಗಿದೆ. 80 ಸಾವಿರದ ಫೋನಿಗೆ ಇದು ಸಣ್ಣ ಪೆಟ್ಟು. 12 ಸಾವಿರದ ಫೋನಿಗೆ ದೊಡ್ಡ ಪೆಟ್ಟು, ಏಕೆಂದರೆ ಅದನ್ನು ತಯಾರಿಸುವ ಖರ್ಚಿನಲ್ಲಿ ಮೆಮೊರಿಯದೇ ದೊಡ್ಡ ಪಾಲು. ಮೇಲಿಂದ 18% ಜಿಎಸ್‌ಟಿ. 2025ರ ಸೆಪ್ಟೆಂಬರ್‌ನಲ್ಲಿ ಎಸಿ, ದೊಡ್ಡ ಟಿವಿಗಳ ತೆರಿಗೆ ಇಳಿದಾಗಲೂ ಫೋನಿನದು ಇದ್ದ ಹಾಗೇ ಉಳಿಯಿತು.

ಅಂದರೆ ಸರಿಯಿಲ್ಲದ ಫೋನ್ ತೆಗೆದುಕೊಂಡರೆ ಆಗುವ ನಷ್ಟ ಈಗ ಮೊದಲಿಗಿಂತ ಜಾಸ್ತಿ. ಆದರೂ ಅಂಗಡಿಯಲ್ಲಿ ನಾವು ಕೇಳುವುದು ಹಳೆಯ ಪ್ರಶ್ನೆಗಳನ್ನೇ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್? ರ‍್ಯಾಮ್ ಎಷ್ಟು? ಎಷ್ಟು ನಿಮಿಷಕ್ಕೆ ಚಾರ್ಜ್ ಆಗುತ್ತದೆ? ಇವೆಲ್ಲ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತವೆ. ಅಲ್ಲಿ ಬರೆಯದ ಎರಡು ವಿಷಯಗಳೇ ನನ್ನ ಪ್ರಕಾರ ಮುಖ್ಯ. ಈ ಫೋನ್ ಎಷ್ಟು ವರ್ಷ ಸುರಕ್ಷಿತವಾಗಿ ಬಾಳುತ್ತದೆ? ನಾನಿರುವ ಊರಿಗೆ, ನಾನು ಮಾಡುವ ಕೆಲಸಕ್ಕೆ ಇದು ಒಗ್ಗುತ್ತದೆಯೇ?

ವರ್ಷಕ್ಕೆ ಎಷ್ಟು ಬಿತ್ತು?

ಆಂಡ್ರಾಯ್ಡ್ ಫೋನಿಗೆ ಎರಡು ಬಗೆಯ ಅಪ್‌ಡೇಟ್ ಬರುತ್ತವೆ. ಆಂಡ್ರಾಯ್ಡ್ 15ರಿಂದ 16ಕ್ಕೆ ಏರಿಸುವಂಥ ದೊಡ್ಡ ಅಪ್‌ಡೇಟ್ ಒಂದು. ಭದ್ರತಾ ಅಪ್‌ಡೇಟ್ ಇನ್ನೊಂದು. ದೊಡ್ಡದು ಬರದಿದ್ದರೆ ಅಂಥ ತೊಂದರೆಯಿಲ್ಲ. ಭದ್ರತೆಯದು ನಿಂತರೆ ಚಿಂತೆ ಮಾಡಬೇಕು. ಆಂಡ್ರಾಯ್ಡ್‌ನಲ್ಲಿ ಸಿಕ್ಕ ದೋಷಗಳ ಪಟ್ಟಿಯನ್ನು ಗೂಗಲ್ ಆಗಾಗ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಅದನ್ನು ಸರಿಪಡಿಸುವ ಕೋಡ್ ಕೂಡ ಕಂಪನಿಗಳಿಗೆ ಕೊಡುತ್ತದೆ. ಅಪ್‌ಡೇಟ್ ಬರುವ ಫೋನಿನಲ್ಲಿ ಆ ತೂತು ಮುಚ್ಚುತ್ತದೆ. ಬರದ ಫೋನಿನಲ್ಲಿ ಹಾಗೇ ಉಳಿಯುತ್ತದೆ. ತೂತು ಎಲ್ಲಿದೆ ಅನ್ನುವುದು ಆ ಹೊತ್ತಿಗೆ ಕಳ್ಳರಿಗೂ ಗೊತ್ತಾಗಿರುತ್ತದೆ.

ಹತ್ತು ವರ್ಷದ ಹಿಂದೆ ಇದನ್ನು ತಲೆಗೆ ಹಚ್ಚಿಕೊಳ್ಳದಿದ್ದರೂ ನಡೆಯುತ್ತಿತ್ತು. ಫೋನಿನಲ್ಲಿ ಫೋಟೊ, ಹಾಡು, ಒಂದಿಷ್ಟು ನಂಬರ್ ಇರುತ್ತಿದ್ದವು. 2016ರಲ್ಲಿ ಯುಪಿಐ ಬಂತು. ಈಗ ತರಕಾರಿ ಗಾಡಿಯವರಿಂದ ಹಿಡಿದು ಅಡಿಕೆ ವ್ಯಾಪಾರದವರೆಗೆ ಎಲ್ಲರ ಬ್ಯಾಂಕ್ ಖಾತೆಗೂ ಫೋನೇ ಬಾಗಿಲು. ಒಟಿಪಿ ಬರುವುದೂ ಅದಕ್ಕೇ. ಮದುವೆ ಆಮಂತ್ರಣ ಎಂದೋ, ಟ್ರಾಫಿಕ್ ದಂಡದ ಚಲನ್ ಎಂದೋ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಬರುತ್ತದಲ್ಲ, ಅದನ್ನು ಒತ್ತಿ ಇನ್‌ಸ್ಟಾಲ್ ಮಾಡಿದರೆ ಎಸ್‌ಎಂಎಸ್ ಓದಿ ಒಟಿಪಿ ಕದಿಯುವ ಆ್ಯಪ್ ಒಳಗೆ ಕೂರುತ್ತದೆ. ಇದನ್ನು ಪೂರ್ತಿ ತಡೆಯುವ ಅಪ್‌ಡೇಟ್ ಯಾವುದೂ ಇಲ್ಲ, ಒತ್ತುವ ಬೆರಳು ನಮ್ಮದೇ ಆಗಿರುತ್ತದೆ. ಆದರೆ ಆಂಡ್ರಾಯ್ಡ್ 13 ಮತ್ತು ಅದಕ್ಕಿಂತ ಹೊಸ ಫೋನುಗಳು, ಹೀಗೆ ಹೊರಗಿನಿಂದ ಹಾಕಿದ ಆ್ಯಪ್‌ಗೆ ಅಪಾಯದ ಅನುಮತಿಗಳನ್ನು ಅಷ್ಟು ಸುಲಭವಾಗಿ ಕೊಡಲು ಬಿಡುವುದಿಲ್ಲ. ಹಳೆಯವುಗಳಲ್ಲಿ ಆ ತಡೆ ಇಲ್ಲ.

ಇಲ್ಲಿ ಈಚೆಗೆ ಒಂದು ಒಳ್ಳೆಯ ಬದಲಾವಣೆ ಆಗಿದೆ. 2023ರ ಅಕ್ಟೋಬರ್‌ನಲ್ಲಿ ಬಂದ ಪಿಕ್ಸೆಲ್ 8ಕ್ಕೆ ಗೂಗಲ್ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿತು. 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಕೂಡ ಏಳು ವರ್ಷ ಅಂದಿತು. ಅದೇ ವರ್ಷದ ಕೊನೆಗೆ 20 ಸಾವಿರದೊಳಗಿನ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷದ ಮಾತು ಬಂತು. ನನಗೆ ಇದು ಏಳು ವರ್ಷದ ಸುದ್ದಿಗಿಂತ ದೊಡ್ಡದಾಗಿ ಕಂಡಿತು. ದುಬಾರಿ ಫೋನಿಗಷ್ಟೇ ಸಿಗುತ್ತಿದ್ದ ಸೌಲಭ್ಯ ಸಾಮಾನ್ಯರ ಫೋನಿಗೂ ಇಳಿಯಿತು. ಆಪಲ್‌ನ ಹಾದಿ ಮೊದಲಿಂದಲೂ ಉದ್ದದ್ದೇ. 2019ರ ಐಫೋನ್ 11ಕ್ಕೆ 2025ರ ಐಒಎಸ್ 26 ಸಿಕ್ಕಿತು. ಇತ್ತ 10ರಿಂದ 15 ಸಾವಿರದ ಬಹಳಷ್ಟು ಫೋನುಗಳಿಗೆ ಈಗಲೂ ಎರಡು ಮೂರು ವರ್ಷದ ಮಾತಷ್ಟೇ. ಕೆಲವಕ್ಕೆ ಆ ಮಾತೂ ಸ್ಪಷ್ಟವಾಗಿ ಇರುವುದಿಲ್ಲ.

ಇನ್ನು ಜನ ಸೋಲುವ ಜಾಗ. ಈ ವರ್ಷಗಳ ಲೆಕ್ಕ ಶುರುವಾಗುವುದು ನೀವು ಬಿಲ್ ಮಾಡಿಸಿದ ದಿನದಿಂದ ಅಲ್ಲ, ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ದಸರಾ, ದೀಪಾವಳಿ ಸೇಲ್‌ಗಳಲ್ಲಿ ಭಾರಿ ರಿಯಾಯಿತಿ ಸಿಗುವುದು ಎಷ್ಟೋ ಸಲ ಒಂದೂವರೆ ಎರಡು ವರ್ಷದ ಹಿಂದಿನ ಮಾಡೆಲ್‌ಗಳಿಗೆ. ಮೂರು ವರ್ಷ ಅಪ್‌ಡೇಟ್ ಇರುವ ಫೋನನ್ನು ಎರಡು ವರ್ಷ ತಡವಾಗಿ ಕೊಂಡರೆ ಉಳಿಯುವುದು ಒಂದೇ ವರ್ಷ. ಪೆಟ್ಟಿಗೆ ಹೊಸದು, ಒಳಗಿನ ಆಯಸ್ಸು ಮುಗಿಯುತ್ತಾ ಬಂದಿರುತ್ತದೆ.

ಹಾಗಾಗಿ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 12 ಸಾವಿರದ ಫೋನಿಗೆ ಇನ್ನು ಎರಡು ವರ್ಷ ಅಪ್‌ಡೇಟ್ ಉಳಿದಿದೆ ಅಂದುಕೊಳ್ಳಿ. ವರ್ಷಕ್ಕೆ 6 ಸಾವಿರ ಬಿತ್ತು. 18 ಸಾವಿರದ ಫೋನಿಗೆ ಐದು ವರ್ಷ ಉಳಿದಿದೆ, ನಡುವೆ ಒಮ್ಮೆ ಬ್ಯಾಟರಿ ಬದಲಿಸಲು 2 ಸಾವಿರ ಖರ್ಚಾಯಿತು ಅಂದುಕೊಳ್ಳಿ. ಒಟ್ಟು 20 ಸಾವಿರ, ವರ್ಷಕ್ಕೆ 4 ಸಾವಿರ. ಅಗ್ಗ ಅಂದುಕೊಂಡದ್ದೇ ತುಟ್ಟಿಯಾಯಿತು, ಅಲ್ವಾ? ಫೋನ್ ಪದೇ ಪದೇ ಕೈಜಾರಿ ಬೀಳಿಸುವವರಿಗೆ, ಎರಡು ವರ್ಷಕ್ಕೊಮ್ಮೆ ಹೇಗೂ ಬದಲಿಸುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಉಳಿದ ಬಹಳ ಜನಕ್ಕೆ ಹೊಂದುತ್ತದೆ.

18 ಸಾವಿರ ಒಮ್ಮೆಗೇ ಹೊಂದಿಸುವುದು ಎಲ್ಲರಿಂದ ಆಗುವುದಿಲ್ಲ, ಅದೂ ನಿಜ. ಅದಕ್ಕೇ ಇಎಂಐ ಇದೆ ಎಂದು ಅಂಗಡಿಯವರು ಹೇಳುತ್ತಾರೆ. ಬಡ್ಡಿಯಿಲ್ಲದ ಇಎಂಐ ಎಂದು ಬರೆದಿದ್ದರೂ ಪ್ರೊಸೆಸಿಂಗ್ ಶುಲ್ಕ ಇರಬಹುದು. ಕ್ರೆಡಿಟ್ ಕಾರ್ಡ್ ಆದರೆ ಬಡ್ಡಿಯ ಭಾಗದ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ರೊಕ್ಕ ಎಣಿಸಿ ಕೊಡುವವರಿಗೆ ಸಿಗುವ ರಿಯಾಯಿತಿ ಕೆಲವೊಮ್ಮೆ ಇಎಂಐನವರಿಗೆ ಸಿಗುವುದಿಲ್ಲ. ಎಲ್ಲ ಕೂಡಿಸಿ ಒಟ್ಟು ಎಷ್ಟಾಯಿತು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಆಮೇಲೆ ವರ್ಷದ ಲೆಕ್ಕ ಹಾಕಿ.

ಬ್ಯಾಟರಿ ಮತ್ತು ರಿಪೇರಿ

ಅಪ್‌ಡೇಟ್ ಆರು ವರ್ಷ ಬಂದರೂ ಬ್ಯಾಟರಿ ಎರಡು ವರ್ಷಕ್ಕೆ ಸೋತರೆ ಏನು ಪ್ರಯೋಜನ? ಬ್ಯಾಟರಿಯ ಆಯಸ್ಸನ್ನು ಸುತ್ತುಗಳಲ್ಲಿ ಎಣಿಸುತ್ತಾರೆ. ಸೊನ್ನೆಯಿಂದ ನೂರರವರೆಗೆ ತುಂಬಿದರೆ ಒಂದು ಸುತ್ತು. ಎರಡು ಸಲ ಅರ್ಧರ್ಧ ತುಂಬಿದರೂ ಒಂದೇ ಸುತ್ತು. ಐಫೋನ್ 14ರವರೆಗಿನ ಮಾಡೆಲ್‌ಗಳ ಬ್ಯಾಟರಿ 500 ಸುತ್ತಿನ ನಂತರ 80% ಶಕ್ತಿ ಉಳಿಸಿಕೊಳ್ಳುವಂತೆ ಮಾಡಿದ್ದು, ಐಫೋನ್ 15ರಿಂದ ಅದು 1,000 ಸುತ್ತು ಎಂದು ಆಪಲ್ ಹೇಳುತ್ತದೆ. ದಿನಕ್ಕೊಂದು ಸುತ್ತು ಅಂದರೆ 500 ಸುತ್ತಿಗೆ ಒಂದೂವರೆ ವರ್ಷವೂ ಆಗುವುದಿಲ್ಲ. ಅದಕ್ಕೇ ದೊಡ್ಡ ಬ್ಯಾಟರಿಗೆ ಎರಡು ಲಾಭ. 7,000 ಎಂಎಎಚ್ ಬ್ಯಾಟರಿಯ ಫೋನನ್ನು ಎರಡು ದಿನಕ್ಕೊಮ್ಮೆ ತುಂಬಿದರೆ ಸಾಕಾದೀತು. ಆಗ ಸುತ್ತುಗಳು ಅರ್ಧಕ್ಕೆ ಇಳಿಯುತ್ತವೆ, ಬ್ಯಾಟರಿ ಬಾಳುವ ಕಾಲ ಹೆಚ್ಚುತ್ತದೆ. ಈಗ ಬರುತ್ತಿರುವ ಸಿಲಿಕಾನ್ ಕಾರ್ಬನ್ ಬ್ಯಾಟರಿಗಳು ಫೋನನ್ನು ದಪ್ಪ ಮಾಡದೆ ಇಷ್ಟು ಶಕ್ತಿ ತುಂಬುತ್ತವೆ.

ಬ್ಯಾಟರಿಯ ದೊಡ್ಡ ಶತ್ರು ಬಿಸಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿ ಕಡೆಯವರು ಇದನ್ನು ಜಾಸ್ತಿ ಗಮನಿಸಬೇಕು. 80 ವಾಟ್, 100 ವಾಟ್ ಚಾರ್ಜಿಂಗ್‌ನ ವೇಗ ಅಲ್ಲಿ ಅಷ್ಟೇನೂ ದೊಡ್ಡ ವಿಷಯವಲ್ಲ. ಚಾರ್ಜಿಂಗ್ 80%ಗೆ ನಿಲ್ಲಿಸುವ ಸೆಟ್ಟಿಂಗ್ ಇದೆಯೇ ಎಂದು ನೋಡುವುದು ಹೆಚ್ಚು ಉಪಯೋಗ.

ಈ ಬ್ಯಾಟರಿ ಸುತ್ತುಗಳ ಸಂಖ್ಯೆ ನಮ್ಮ ಅಂಗಡಿಯಲ್ಲಿ ಕೇಳಿದರೆ ಸಿಗುವುದು ಕಷ್ಟ. ಯುರೋಪಿನಲ್ಲಿ ಸಿಗುತ್ತದೆ. 2025ರ ಜೂನ್ 20ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಹೊಸ ನಿಯಮ ಜಾರಿಯಲ್ಲಿದೆ. 800 ಸುತ್ತು ಆದಮೇಲೂ ಬ್ಯಾಟರಿ 80% ಉಳಿಸಿಕೊಳ್ಳಬೇಕು. ಮಾಡೆಲ್ ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ ಸಿಗಬೇಕು, ಐದು ವರ್ಷ ಅಪ್‌ಡೇಟ್ ಸಿಗಬೇಕು. ಪ್ರತಿ ಫೋನಿಗೂ ಲೇಬಲ್ ಇರಬೇಕು. ಎಷ್ಟು ಸುತ್ತು ಬಾಳುತ್ತದೆ, ಬಿದ್ದರೆ ಎಷ್ಟು ತಡೆಯುತ್ತದೆ, ರಿಪೇರಿ ಎಷ್ಟು ಸುಲಭ ಎಂಬುದನ್ನು ಅದರಲ್ಲಿ ತೋರಿಸಬೇಕು. ನಮಗೂ ಇದರಿಂದ ಉಪಯೋಗ ಇದೆ. ಆ ಲೇಬಲ್‌ಗಳ ಮಾಹಿತಿಯೆಲ್ಲ ಎಪ್ರೆಲ್ (EPREL) ಎಂಬ ಸಾರ್ವಜನಿಕ ಜಾಲತಾಣದಲ್ಲಿ ಸಿಗುತ್ತದೆ. ನೀವು ಕೊಳ್ಳಬೇಕೆಂದಿರುವ ಮಾಡೆಲ್ ಅಲ್ಲೂ ಮಾರಾಟದಲ್ಲಿದ್ದರೆ ಇಲ್ಲಿಂದಲೇ ಹುಡುಕಿ ನೋಡಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು. ಕೆಲವು ಕಂಪನಿಗಳು ಅದೇ ಹೆಸರಿನ ಫೋನಿಗೆ ಅಲ್ಲಿ ಒಂದು ಬ್ಯಾಟರಿ, ಇಲ್ಲಿ ಇನ್ನೊಂದು ಬ್ಯಾಟರಿ ಹಾಕುತ್ತವೆ. ಎಂಎಎಚ್ ಎಷ್ಟು ಎಂದು ಎರಡೂ ಕಡೆ ಹೋಲಿಸಿಕೊಳ್ಳಿ.

ನಮ್ಮಲ್ಲೂ ಕೆಲಸ ಶುರುವಾಗಿದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಫೋನುಗಳಿಗೆ ರಿಪೇರಿ ಅಂಕ ಕೊಡುವ ಬಗ್ಗೆ 2024ರ ಸೆಪ್ಟೆಂಬರ್‌ನಲ್ಲಿ ಸಮಿತಿ ಆಯಿತು, 2025ರ ಮೇನಲ್ಲಿ ಅದರ ವರದಿಯೂ ಬಂತು. ಆ ಅಂಕ ಕಡ್ಡಾಯ ಆಗಿ ಪೆಟ್ಟಿಗೆಯ ಮೇಲೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕರೆಂಟು ಎಷ್ಟು ಎಳೆಯುತ್ತದೆ ಎಂದು ಫ್ರಿಜ್ಜಿಗೆ ನಕ್ಷತ್ರ ಅಂಟಿಸುವ ದೇಶದಲ್ಲಿ ಫೋನಿಗೂ ಅಂಥದ್ದೊಂದು ಸಾಧ್ಯ.

ಅಲ್ಲಿಯವರೆಗೆ ಕೊಳ್ಳುವ ಮೊದಲೇ ಎರಡು ವಿಚಾರಣೆ ಮಾಡಿ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಎಲ್ಲಿದೆ? ಡಿಸ್‌ಪ್ಲೇ ಬದಲಿಸಲು ಎಷ್ಟಾಗುತ್ತದೆ? ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಏನಾದರೂ ದಾರಿ ಸಿಗುತ್ತದೆ. ಶಿರಸಿ, ಸಿದ್ದಾಪುರದ ಕಡೆಯವರು ಕೆಲವು ಕಂಪನಿಗಳ ಫೋನಿಗೆ ಹುಬ್ಬಳ್ಳಿ ಬಸ್ಸು ಹತ್ತಬೇಕಾಗಬಹುದು. ಅಂಚು ಬಾಗಿದ ಅಮೊಲೆಡ್ ಡಿಸ್‌ಪ್ಲೇ ನೋಡಲು ಚಂದ. ಒಡೆದರೆ ಫೋನ್ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಚಪ್ಪಟೆ ಡಿಸ್‌ಪ್ಲೇಗೆ ಗ್ಲಾಸ್ ಅಂಟಿಸುವುದೂ ಸುಲಭ, ಬದಲಿಸುವುದೂ ಸುಲಭ.

ಊರಿನ ಸಿಗ್ನಲ್ ಯಾವುದು?

5ಜಿ ಎಂದು ಬರೆದಿದ್ದರೂ ಎಲ್ಲ 5ಜಿ ಒಂದೇ ಅಲ್ಲ. ಎಲ್ಲ ಟೆಲಿಕಾಂ ಕಂಪನಿಗಳೂ ಒಂದೇ ಬ್ಯಾಂಡ್‌ಗಳನ್ನು, ಅಂದರೆ ಸಿಗ್ನಲ್ ಹೋಗುವ ಕಂಪನಾಂಕಗಳನ್ನು, ಬಳಸುವುದಿಲ್ಲ. ಜಿಯೊದ 5ಜಿ ಮುಖ್ಯವಾಗಿ ಎನ್28 ಮತ್ತು ಎನ್78 ಬ್ಯಾಂಡ್‌ಗಳಲ್ಲಿ ನಡೆಯುತ್ತದೆ. ಎನ್28 ಅಂದರೆ 700 ಮೆಗಾಹರ್ಟ್ಸ್. ತರಂಗ ಉದ್ದ ಇರುವುದರಿಂದ ಅದು ದೂರ ಹೋಗುತ್ತದೆ, ಗೋಡೆ ದಾಟಿ ಮನೆಯೊಳಗೂ ಬರುತ್ತದೆ. ಎನ್78ಕ್ಕೆ ವೇಗ ಜಾಸ್ತಿ, ದೂರ ಕಡಿಮೆ. ಈಗಿನ ಹೆಚ್ಚಿನ ಫೋನುಗಳಲ್ಲಿ ಎರಡೂ ಇರುತ್ತವೆ. ವಿದೇಶದಿಂದ ತರಿಸುವ ಫೋನಿನಲ್ಲಿ ಮಾತ್ರ ನೋಡಿಯೇ ತೆಗೆದುಕೊಳ್ಳಬೇಕು. ದುಬೈ, ಅಮೆರಿಕದಲ್ಲಿರುವ ನೆಂಟರ ಕೈಲಿ ಫೋನ್ ತರಿಸುವ ರೂಢಿ ನಮ್ಮಲ್ಲಿ ಇದೆಯಲ್ಲ, ಅಮೆರಿಕದಲ್ಲಿ ಮಾರುವ ಐಫೋನ್‌ಗೆ 14ನೇ ಮಾಡೆಲ್‌ನಿಂದ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಇರುವ ಇ-ಸಿಮ್ ಮಾತ್ರ. ತರಿಸುವ ಮೊದಲು ಇದು ಗೊತ್ತಿರಲಿ.

ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಮಾತು ಬೇರೆ. ಅಲ್ಲಿ ಬಿಎಸ್‌ಎನ್‌ಎಲ್ ಟವರ್ ಬಿಟ್ಟರೆ ಇನ್ನೊಂದು ಇಲ್ಲ. ಬಿಎಸ್‌ಎನ್‌ಎಲ್ ತನ್ನ ದೇಸಿ 4ಜಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಉದ್ಘಾಟಿಸಿತು. ಅದು ಬಳಸುವುದು 700 ಮತ್ತು 2100 ಮೆಗಾಹರ್ಟ್ಸ್, ಅಂದರೆ 4ಜಿಯ ಬ್ಯಾಂಡ್ 28 ಮತ್ತು ಬ್ಯಾಂಡ್ 1. ಹಳೆಯ ಅಥವಾ ತೀರಾ ಅಗ್ಗದ ಫೋನುಗಳಲ್ಲಿ ಬ್ಯಾಂಡ್ 28 ಇಲ್ಲದಿರಬಹುದು. ಹಾಗಿದ್ದರೆ ಟವರ್ ಪಕ್ಕದ ಗುಡ್ಡದಲ್ಲೇ ಇದ್ದರೂ ನಿಮ್ಮ ಫೋನಿಗೆ ದೂರ ಹೋಗುವ ಆ ಸಿಗ್ನಲ್ ಕಾಣುವುದಿಲ್ಲ. ಈ ಕಡೆಯವರಿಗೆ ಕ್ಯಾಮೆರಾಗಿಂತ ಈ ಒಂದು ಅಂಕಿ ಮುಖ್ಯ.

ಇನ್ನೊಂದು ವೈಫೈ ಕಾಲಿಂಗ್. ಮನೆಗೆ ಫೈಬರ್ ಬಂದಿದೆ, ಮೊಬೈಲ್ ಸಿಗ್ನಲ್ ಮಾತ್ರ ಅಂಗಳದ ಮೂಲೆಯಲ್ಲಿ ನಿಂತರಷ್ಟೇ ಸಿಗುತ್ತದೆ. ಹೊಸನಗರ, ಕೊಪ್ಪ, ಶೃಂಗೇರಿ ಕಡೆ ಇದು ಸಾಮಾನ್ಯ. ವೈಫೈ ಕಾಲಿಂಗ್ ಇರುವ ಫೋನಾದರೆ ಮಾಮೂಲಿ ನಂಬರಿಗೇ ಬರುವ ಕರೆ, ಒಟಿಪಿ ಕೂಡ, ಮನೆಯ ವೈಫೈ ಮೂಲಕ ಬರುತ್ತದೆ. ಏರ್‌ಟೆಲ್, ಜಿಯೊ 2019-20ರಿಂದಲೇ ಇದನ್ನು ಕೊಡುತ್ತಿವೆ. ಬಿಎಸ್‌ಎನ್‌ಎಲ್ ಈಚೆಗೆ ಕೊಡಲು ಶುರುಮಾಡಿದೆ. ನಿಮ್ಮ ಸಿಮ್ಮಿನ ಕಂಪನಿ ಯಾವ ಯಾವ ಮಾಡೆಲ್‌ಗೆ ಇದನ್ನು ಕೊಡುತ್ತದೆ ಎಂದು ಕೇಳಿಯೇ ಫೋನ್ ಆರಿಸಿ.

ಅಂದಹಾಗೆ, 5ಜಿ ಇದ್ದರೆ ಡೇಟಾ ಮಿತಿಯೇ ಇಲ್ಲ ಅಂದುಕೊಂಡಿರುವವರು ರೀಚಾರ್ಜ್ ಪ್ಲಾನ್ ಒಮ್ಮೆ ನೋಡಿ. 2024ರ ಜುಲೈನಲ್ಲಿ ದರ ಏರಿದ ಮೇಲೆ ಮಿತಿಯಿಲ್ಲದ 5ಜಿ ಸಿಗುವುದು ಹೆಚ್ಚಾಗಿ ದಿನಕ್ಕೆ 2 ಜಿಬಿ ಅಥವಾ ಅದಕ್ಕೂ ಮೇಲಿನ ಪ್ಲಾನ್‌ಗಳಿಗೆ. ಸಣ್ಣ ಪ್ಲಾನ್ ಹಾಕಿಸುವವರು ಸುಮ್ನೆ 5ಜಿ ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಕಿಲ್ಲ.

ಹೊಲದಲ್ಲಿ ನಿಂತವರ ಫೋನ್

ರೈತರಿಗೆ ಎಂಥ ಫೋನ್ ಬೇಕು ಅನ್ನುವುದನ್ನು ಯಾರೂ ಸರಿಯಾಗಿ ಬರೆಯುವುದಿಲ್ಲ. ಯಾವುದೋ ಒಂದು ಅಗ್ಗದ್ದು ಸಾಕು ಅನ್ನುವ ಧೋರಣೆ ಇದೆ. ನಿಜವಾಗಿ ನೋಡಿದರೆ ಫೋನಿನಿಂದ ಅತಿ ಕಷ್ಟದ ಕೆಲಸ ಮಾಡಿಸುವುದು ಅವರೇ. ರಾಜ್ಯ ಸರ್ಕಾರದ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ರೈತರು ತಮ್ಮ ಜಮೀನಿನಲ್ಲೇ ನಿಂತು ಬೆಳೆಯ ಫೋಟೊ ತೆಗೆದು ಹಾಕಬೇಕು. ಫೋನ್ ಹೇಳುವ ಜಾಗ ಸರ್ವೆ ನಂಬರಿನ ಗಡಿಗೆ ಹೊಂದಬೇಕು. ಬೆಳೆ ವಿಮೆ, ಬೆಳೆ ನಷ್ಟ ಪರಿಹಾರಕ್ಕೆಲ್ಲ ಈ ಮಾಹಿತಿ ಬೇಕಾಗುತ್ತದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ನಡೆಯುವುದೂ ಜಿಪಿಎಸ್ ಮೇಲೆಯೇ.

ಮಾಮೂಲಿ ಫೋನಿನ ಜಿಪಿಎಸ್ ಬಯಲಿನಲ್ಲೇ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಅಡಿಕೆ ತೋಟದ ಸೋಗೆಗಳ ಕೆಳಗೆ ಇನ್ನೂ ಕೆಡುತ್ತದೆ. ಜಮೀನು ಅಗಲ ಕಡಿಮೆಯ ಪಟ್ಟಿಯಾಗಿದ್ದರೆ ಅಷ್ಟು ವ್ಯತ್ಯಾಸಕ್ಕೇ ನೀವು ಪಕ್ಕದವರ ಸರ್ವೆ ನಂಬರಿನಲ್ಲಿ ನಿಂತಂತೆ ಆ್ಯಪ್ ತೋರಿಸಬಹುದು. ಎಲ್1 ಮತ್ತು ಎಲ್5 ಎಂಬ ಎರಡು ಕಂಪನಾಂಕದಲ್ಲಿ ಸಂಕೇತ ಹಿಡಿಯುವ ಫೋನುಗಳು ಇದರಲ್ಲಿ ಚೆನ್ನಾಗಿವೆ. ಇಸ್ರೊದ ನಾವಿಕ್ ಉಪಗ್ರಹಗಳ ಸಂಕೇತ ಹಿಡಿಯುವ ಫೋನುಗಳೂ ಬಂದಿವೆ. ಫೋನಿನ ವಿವರಗಳ ಪಟ್ಟಿಯಲ್ಲಿ ಡ್ಯುಯಲ್ ಫ್ರೀಕ್ವೆನ್ಸಿ ಜಿಪಿಎಸ್, ನಾವಿಕ್ ಎಂಬ ಮಾತು ಇದೆಯೇ ನೋಡಿ. ಕೊಳ್ಳುವ ಮೊದಲು ಪರೀಕ್ಷೆ ಮಾಡುವ ದಾರಿಯೂ ಇದೆ. ಆ ಮಾಡೆಲ್ ಇರುವ ಪರಿಚಯದವರನ್ನು ಜಮೀನಿಗೆ ಕರೆದು, ಗಡಿಕಲ್ಲಿನ ಪಕ್ಕ ನಿಂತು ದಿಶಾಂಕ್ ತೆರೆಸಿ ನೋಡಿ.

ಹೊಲದವರಿಗೆ ಡಿಸ್‌ಪ್ಲೇ ಬಿಸಿಲಿನಲ್ಲಿ ಕಾಣಬೇಕು. ಜಾಹೀರಾತಿನಲ್ಲಿ 3,000 ನಿಟ್ಸ್, 4,000 ನಿಟ್ಸ್ ಎಂದು ಹಾಕುವುದು ಪರದೆಯ ಒಂದು ಸಣ್ಣ ಭಾಗ ಕ್ಷಣಕಾಲ ಮುಟ್ಟುವ ಹೊಳಪು. ಅದನ್ನು ನಂಬುವ ಬದಲು ಅಂಗಡಿಯಿಂದ ಮಧ್ಯಾಹ್ನದ ಬಿಸಿಲಿಗೆ ಫೋನ್ ತಂದು ನೋಡಿ. ಮಳೆ, ಕೆಸರು, ಔಷಧಿ ಸಿಂಪಡಣೆ ನಡುವೆ ಓಡಾಡುವುದಾದರೆ ಐಪಿ ಅಂಕಿ ಬೇಕು. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. 54, 64 ಇದ್ದರೆ ಮಳೆ ಹನಿ ತಡೆಯುತ್ತದೆ. 67, 68 ಇದ್ದರೆ ಸ್ವಲ್ಪ ಹೊತ್ತು ನೀರಿನಲ್ಲಿ ಮುಳುಗಿದರೂ ತಡೆಯುತ್ತದೆ. ಆದರೂ ನೀರು ಒಳಹೊಕ್ಕು ಹಾಳಾದರೆ ಹೆಚ್ಚಿನ ಕಂಪನಿಗಳ ವಾರಂಟಿ ಸಿಗುವುದಿಲ್ಲ.

ಡೆಲಿವರಿ, ಆಟೊ, ಕ್ಯಾಬ್‌ನವರ ಬೇಕುಗಳೂ ಬಹುಪಾಲು ಇವೇ. ಅವರಿಗೆ ಮೊದಲು ಬ್ಯಾಟರಿ, ಆಮೇಲೆ ಬಿಸಿಲಿನ ಡಿಸ್‌ಪ್ಲೇ, ಆಮೇಲೆ ಉಳಿದದ್ದು.

ಅಪ್ಪ ಅಮ್ಮನಿಗೆ ಕೊಡಿಸುವಾಗ

ಇಲ್ಲಿ ಮಕ್ಕಳು ಪ್ರೀತಿಯಿಂದ ಮಾಡುವ ಎಡವಟ್ಟು ಎಂದರೆ ತಮ್ಮ ಹಳೆಯ ಫೋನ್ ದಾಟಿಸುವುದು. ಅಪ್‌ಡೇಟ್ ನಿಂತ ಫೋನ್, ಮೋಸದ ಕರೆಗೆ ಬೇಗ ಸಿಲುಕುವ ವಯಸ್ಸಿನವರ ಕೈಗೆ, ಪಿಂಚಣಿ ಖಾತೆಯ ಜೊತೆ ಹೋಗುತ್ತದೆ. ಮನೆಯಲ್ಲಿ ಅಪ್‌ಡೇಟ್ ಸರಿಯಾಗಿ ಬರುವ ಫೋನ್ ಯಾರಿಗಾದರೂ ಬೇಕಿದ್ದರೆ ಅದು ಅವರಿಗೇ.

ಹಿರಿಯರ ಫೋನನ್ನು ನಾನು ಮೊದಲು ಕನ್ನಡಕ್ಕೆ ಹಾಕಿ ನೋಡುತ್ತೇನೆ. ಭಾರತದಲ್ಲಿ ಮಾರುವ ಫೋನುಗಳು ದೇಶದ 22 ಭಾಷೆಗಳ ಸಂದೇಶ ಓದುವಂತೆ ತೋರಿಸಬೇಕು ಎಂದು ಐಎಸ್ 16333 ಎಂಬ ಮಾನದಂಡ ಹೇಳುತ್ತದೆ. ಅಕ್ಷರ ಕಾಣುವುದು ಬೇರೆ, ಚೆನ್ನಾಗಿ ಕಾಣುವುದು ಬೇರೆ. ಅಂಗಡಿಯಲ್ಲೇ ಭಾಷೆ ಕನ್ನಡ ಮಾಡಿ, ಅಕ್ಷರದ ಗಾತ್ರ ಅತಿ ದೊಡ್ಡದು ಮಾಡಿ. ಆಮೇಲೆ ಸೆಟ್ಟಿಂಗ್ಸ್, ಕರೆ ಬರುವ ಪರದೆ, ನೋಟಿಫಿಕೇಶನ್ ನೋಡಿ. ಕೆಲವು ಫೋನುಗಳಲ್ಲಿ ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗಿರುತ್ತದೆ. ಕೆಲವುಗಳಲ್ಲಿ ಅರ್ಧ ಮೆನು ಕನ್ನಡ, ಅರ್ಧ ಇಂಗ್ಲಿಷ್. ಇನ್ನು ಕೆಲವು ಅಗ್ಗದ ಫೋನುಗಳ ಲಾಕ್ ಸ್ಕ್ರೀನ್ ಮೇಲೇ ಜಾಹೀರಾತು, ಸುದ್ದಿ ಬರುತ್ತಿರುತ್ತದೆ. ಫೋನ್ ತೆರೆಯಲು ಹೋಗಿ ಎಲ್ಲೋ ಬೆರಳು ತಾಗಿ ಇನ್ನೆಲ್ಲೋ ಹೋಗುತ್ತಾರೆ. ಅದನ್ನು ಪೂರ್ತಿ ನಿಲ್ಲಿಸಲು ಬರುತ್ತದೆಯೇ ಎಂದು ಖಚಿತ ಮಾಡಿಕೊಂಡೇ ಕೊಡಿಸಿ. ರಿಂಗ್‌ಟೋನ್ ಹಾಕಿಸಿ, ಪಕ್ಕದ ಕೋಣೆಗೆ ಕೇಳುವಷ್ಟು ಗಟ್ಟಿ ಇದೆಯೇ ಎಂದೂ ಗಮನಿಸಿ.

ಸಾಧ್ಯವಾದರೆ ಮನೆಯಲ್ಲಿ ಅವರಿಗೆ ಫೋನ್ ಹೇಳಿಕೊಡುವವರು ಯಾವ ಕಂಪನಿಯದು ಬಳಸುತ್ತಾರೋ ಅದೇ ಕಂಪನಿಯದು ಕೊಡಿಸಿ. "ಅಮ್ಮಾ, ಮೇಲೆ ಬಲಗಡೆ ಮೂರು ಚುಕ್ಕಿ ಇದೆ ನೋಡು, ಅದನ್ನ ಒತ್ತು" ಎಂದು ಬೆಂಗಳೂರಿನಿಂದ ಹೇಳುವವರ ಫೋನಿನಲ್ಲೂ ಆ ಚುಕ್ಕಿ ಅಲ್ಲೇ ಇದ್ದರೆ ಇಬ್ಬರಿಗೂ ಸುಲಭ.

ಪೆಟ್ಟಿಗೆಯ ಮೇಲಿನ ದಪ್ಪ ಅಂಕಿಗಳು

ಇಷ್ಟೆಲ್ಲ ಆದಮೇಲೆ ಆ ಅಂಕಿಗಳಿಗೆ ಬರೋಣ. ರ‍್ಯಾಮ್ 16 ಜಿಬಿ ಎಂದು ಬರೆದು ಪಕ್ಕದಲ್ಲಿ ಸಣ್ಣದಾಗಿ 8 ಕೂಡಿಸು 8 ಎಂದಿದ್ದರೆ, ನಿಜವಾದ ರ‍್ಯಾಮ್ 8 ಮಾತ್ರ. ಉಳಿದದ್ದು ಸ್ಟೋರೇಜ್‌ನಿಂದ ಎರವಲು ತಂದದ್ದು, ಅದು ರ‍್ಯಾಮ್‌ನಷ್ಟು ವೇಗವಾಗಿ ಕೆಲಸ ಮಾಡುವುದಿಲ್ಲ. ಸ್ಟೋರೇಜ್ ಎಷ್ಟು ಎಂದು ಕೇಳುವವರು ಅದು ಯಾವ ಬಗೆಯದು ಎಂದೂ ಕೇಳಬೇಕು. ಇಎಂಎಂಸಿ ಹಳೆಯದು, ನಿಧಾನ. ಯುಎಫ್‌ಎಸ್ ವೇಗದ್ದು. ಹೊಸ ಫೋನ್ ವರ್ಷದೊಳಗೆ ಎಳೆಯಲು ಶುರುವಾದರೆ ಎಷ್ಟೋ ಸಲ ಕಾರಣ ಪ್ರೊಸೆಸರ್ ಅಲ್ಲ, ತುಂಬಿಹೋದ ಇಎಂಎಂಸಿ. ಕುಟುಂಬದ ವಾಟ್ಸ್ಆ್ಯಪ್ ಗುಂಪುಗಳ ವಿಡಿಯೊಗಳೇ 64 ಜಿಬಿಯನ್ನು ಬೇಗ ನುಂಗುತ್ತವೆ. ಈಗಿನ ಕಾಲಕ್ಕೆ 6 ಜಿಬಿ ರ‍್ಯಾಮ್, 128 ಜಿಬಿ ಯುಎಫ್‌ಎಸ್ ಸ್ಟೋರೇಜ್‌ಗಿಂತ ಕೆಳಗೆ ಇಳಿಯಬೇಡಿ. ಮೆಮೊರಿ ತುಟ್ಟಿಯಾಗಿರುವ ಈ ಹೊತ್ತಿನಲ್ಲಿ ಕಂಪನಿಗಳು ಉಳಿತಾಯ ಮಾಡಲು ನೋಡುವುದೂ ಇಲ್ಲೇ.

ಕ್ಯಾಮೆರಾ ವಿಷಯ ಹೇಳುವುದಾದರೆ, 108 ಮೆಗಾಪಿಕ್ಸೆಲ್ ಕ್ಯಾಮೆರಾ ಮಾಮೂಲಿಯಾಗಿ ಕೊಡುವುದು 12 ಮೆಗಾಪಿಕ್ಸೆಲ್ ಫೋಟೊವನ್ನೇ. ಒಂಬತ್ತು ಚುಕ್ಕಿಗಳನ್ನು ಸೇರಿಸಿ ಒಂದು ಮಾಡುತ್ತದೆ. 50 ಮೆಗಾಪಿಕ್ಸೆಲ್‌ನದೂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತದೆ. ಫೋಟೊದ ಗುಣ ನಿಂತಿರುವುದು ಬೆಳಕು ಹಿಡಿಯುವ ಸೆನ್ಸರ್ ಎಷ್ಟು ದೊಡ್ಡದು, ಕೈ ನಡುಕ ಸರಿಪಡಿಸುವ ಒಐಎಸ್ ಇದೆಯೇ, ಸಾಫ್ಟ್‌ವೇರ್ ಎಷ್ಟು ಜಾಣತನದ್ದು ಎಂಬುದರ ಮೇಲೆ. ಹಿಂದೆ ಮೂರು ಕಣ್ಣು ಕಾಣಲಿ ಎಂದು ಹಾಕುವ 2 ಮೆಗಾಪಿಕ್ಸೆಲ್ ಮ್ಯಾಕ್ರೊ, ಡೆಪ್ತ್ ಕ್ಯಾಮೆರಾಗಳಿಂದ ಏನೂ ಉಪಯೋಗವಿಲ್ಲ. ಕ್ಯಾಮೆರಾಗಾಗಿಯೇ ಕೊಳ್ಳುವವರು ಯಕ್ಷಗಾನದ ಬಯಲಾಟಕ್ಕೆ ಹೋಗಿ ತೆಗೆದ ಫೋಟೊಗಳನ್ನು ನೋಡಬೇಕು. ಸುತ್ತ ಕತ್ತಲೆ, ರಂಗಸ್ಥಳದಲ್ಲಿ ಝಗಮಗ ಬೆಳಕು, ಮಿರುಗುವ ಕಿರೀಟ, ಒಂದು ಕ್ಷಣ ನಿಲ್ಲದ ಕುಣಿತ. ಫೋನಿನ ಕ್ಯಾಮೆರಾಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಒಐಎಸ್ ನಿಮ್ಮ ಕೈ ನಡುಕ ತಡೆಯುತ್ತದೆ, ಕುಣಿಯುವವರನ್ನು ನಿಲ್ಲಿಸುವುದಿಲ್ಲ. ಅಲ್ಲಿ ದೊಡ್ಡ ಸೆನ್ಸರ್‌ಗೆ ಕೊಟ್ಟ ದುಡ್ಡು ಕಣ್ಣಿಗೆ ಕಾಣುತ್ತದೆ.

ಎರಡನೇ ಕೈ ಫೋನ್

ಕಡಿಮೆ ದುಡ್ಡಿಗೆ ಹೆಚ್ಚು ಆಯಸ್ಸು ಬೇಕಿದ್ದರೆ ಬಳಸಿದ ಫೋನ್ ಒಳ್ಳೆಯ ದಾರಿ, ಆದರೆ ಆರಿಸುವುದು ಗೊತ್ತಿರಬೇಕು. ಲೆಕ್ಕ ಮೊದಲಿನದೇ. ಗ್ಯಾಲಕ್ಸಿ ಎಸ್24ಕ್ಕೆ ಕೊಟ್ಟ ಮಾತು 2031ರ ಜನವರಿವರೆಗೆ ಇದೆ. ಪಿಕ್ಸೆಲ್ 8ರದು 2030ರ ಅಕ್ಟೋಬರ್‌ವರೆಗೆ. ಇಂಥದ್ದನ್ನು ಬಳಸಿದ್ದು ಕೊಂಡು ಬ್ಯಾಟರಿ ಬದಲಿಸಿದರೆ, ಎರಡೇ ವರ್ಷ ಅಪ್‌ಡೇಟ್ ಇರುವ ಹೊಸ ಫೋನಿಗಿಂತ ಜಾಸ್ತಿ ಬಾಳುತ್ತದೆ.

ದುಡ್ಡು ಕೊಡುವ ಮೊದಲು *#06# ಒತ್ತಿ ಫೋನಿನ ಗುರುತಿನ ಸಂಖ್ಯೆ, 15 ಅಂಕಿಯ ಐಎಂಇಐ ನೋಡಿ. ಬಿಲ್ಲಿನಲ್ಲಿರುವುದಕ್ಕೆ ಹೊಂದಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ, ಅಥವಾ ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು ಜಾಗ ಬಿಟ್ಟು ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕದ್ದದ್ದೆಂದು ತಡೆಹಿಡಿದ ಫೋನಾಗಿದ್ದರೆ ಗೊತ್ತಾಗುತ್ತದೆ. ಈ ವ್ಯವಸ್ಥೆ ಬರೀ ಹೆಸರಿಗೆ ಇರುವಂಥದ್ದಲ್ಲ. 2023ರ ಮೇನಲ್ಲಿ ಸಂಚಾರ್ ಸಾಥಿ ಶುರುವಾಗುವ ಹೊತ್ತಿಗೇ ಕರ್ನಾಟಕ ಪೊಲೀಸರು ಇದರ ಮೂಲಕ 2,500ಕ್ಕೂ ಹೆಚ್ಚು ಕಳೆದ ಫೋನುಗಳನ್ನು ಹುಡುಕಿ ಮರಳಿಸಿದ್ದರು. ಕದ್ದ ಫೋನ್ ಗೊತ್ತಿಲ್ಲದೆ ಕೊಂಡವರ ಮನೆಗೂ ಪೊಲೀಸರ ಕರೆ ಬರುತ್ತದೆ.

ಮಾರುವವರು ನಿಮ್ಮೆದುರಿಗೇ ತಮ್ಮ ಗೂಗಲ್ ಅಥವಾ ಆಪಲ್ ಖಾತೆಯಿಂದ ಹೊರಬಂದು, ಫೋನನ್ನು ಪೂರ್ತಿ ಅಳಿಸಿ, ಮತ್ತೆ ಆನ್ ಮಾಡಿ ತೋರಿಸಲಿ. ಅವರ ಹಳೆಯ ಪಾಸ್‌ವರ್ಡ್ ಕೇಳಿದರೆ ಆ ಫೋನ್ ಬೇಡ. ಬ್ಯಾಟರಿ ಆರೋಗ್ಯ ತೋರಿಸುವ ಸೆಟ್ಟಿಂಗ್ ಇದ್ದರೆ 80%ಗಿಂತ ಕೆಳಗಿದೆಯೇ ನೋಡಿ, ಇದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಅಲ್ಲೇ ಕಳೆಯಿರಿ. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ಭದ್ರತಾ ಅಪ್‌ಡೇಟ್‌ನ ದಿನಾಂಕ ನೋಡಿ. ಅದು ವರ್ಷ ಹಳೆಯದಾಗಿದ್ದು, ಹೊಸ ಅಪ್‌ಡೇಟ್ ಹುಡುಕಿದರೂ ಏನೂ ಬರದಿದ್ದರೆ ಫೋನ್ ಎಷ್ಟೇ ಫಳಫಳ ಹೊಳೆಯಲಿ, ವಾಪಸ್ ಕೊಟ್ಟುಬಿಡಿ.